ತಾಯಿ ಕಾರ್ಡ್ ವಿಮಾನ ಹತ್ತುವ ಮುನ್ನ

ಓದುಗರ ಪ್ರಶ್ನೆ, ಮಕ್ಕಳ ವೈದ್ಯರ ಉತ್ತರ

ಪ್ರಶ್ನೆ: ನಮ್ಮವರಿಗೆ ಅಮೆರಿಕದ ಟೆಕ್ಸಾಸ್‌ನಲ್ಲಿ ಕೆಲಸ. ಇನ್ನು ಎರಡು ತಿಂಗಳಿಗೆ ನಾನೂ ಮಗಳೂ ಎಚ್-4 (ಅಲ್ಲಿ ಕೆಲಸ ಮಾಡುವವರ ಕುಟುಂಬಕ್ಕೆ ಕೊಡುವ) ವೀಸಾದಲ್ಲಿ ಹೊರಡುತ್ತೇವೆ. ಮಗಳಿಗೆ ಐದು ತುಂಬಿ ಒಂದು ತಿಂಗಳಾಯಿತು. ಒಂದೂವರೆ ವರ್ಷದವರೆಗಿನ ಲಸಿಕೆಗಳನ್ನೆಲ್ಲ ನಮ್ಮೂರ ಪಿಎಚ್‌ಸಿಯಲ್ಲೇ ತಪ್ಪದೆ ಹಾಕಿಸಿದ್ದೇನೆ, ತಾಯಿ ಕಾರ್ಡ್ ಇದೆ. ಅಲ್ಲಿನ ಶಾಲೆಗೆ ಅಷ್ಟು ಸಾಲದು ಅನ್ನುತ್ತಾರೆ, ನಿಜವೇ?
– ಓದುಗರು, ಹಾಸನ

ಉತ್ತರ: ನಿಜ. ಹಾಗೆಂದು ನೀವು ಹಾಕಿಸಿದ್ದರಲ್ಲಿ ಯಾವ ಲೋಪವೂ ಇಲ್ಲ. ನಮ್ಮ ವೇಳಾಪಟ್ಟಿ ನಮ್ಮ ಊರಿನ ಕಾಯಿಲೆಗಳನ್ನು ನೋಡಿ ಮಾಡಿದ್ದು, ಅವರದು ಅವರಲ್ಲಿನ ಪರಿಸ್ಥಿತಿಗೆ ತಕ್ಕದ್ದು. ಎಚ್-4 ವೀಸಾಕ್ಕೆ ಲಸಿಕೆಯ ದಾಖಲೆ ಕೇಳುವುದಿಲ್ಲ, ಕೇಳುವುದು ಶಾಲೆ. ಅಲ್ಲಿ ಶಾಲೆಯ ನರ್ಸ್ ಒಂದೊಂದು ಡೋಸಿನ ತಾರೀಖನ್ನೂ ಮಗುವಿನ ಹುಟ್ಟಿದ ದಿನಕ್ಕೆ ಹೋಲಿಸಿ ನೋಡುತ್ತಾರೆ. ಎಡವುವುದು ಅಲ್ಲೇ.

ಮೊದಲು ದಡಾರ. ನಿಮ್ಮ ಕಾರ್ಡಿನಲ್ಲಿ 9ನೇ ತಿಂಗಳಿಗೊಂದು, 16ನೇ ತಿಂಗಳ ನಂತರ ಇನ್ನೊಂದು ಎಂಆರ್ (ದಡಾರ-ರುಬೆಲ್ಲಾ) ಲಸಿಕೆ ಇರುತ್ತದೆ. ಎಳೆಗೂಸುಗಳಿಗೇ ದಡಾರ ಬಡಿಯುವ ನಮ್ಮಂಥ ಕಡೆ 9ನೇ ತಿಂಗಳ ಡೋಸ್ ಜೀವ ಉಳಿಸುತ್ತದೆ. ಆದರೆ ಆ ವಯಸ್ಸಿನಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳು ಮಗುವಿನ ಮೈಯಲ್ಲಿ ಇನ್ನೂ ಉಳಿದಿರಬಹುದಾದ್ದರಿಂದ ಲಸಿಕೆ ಎಲ್ಲ ಮಕ್ಕಳಲ್ಲೂ ಪೂರ್ತಿ ಹಿಡಿಯುವುದಿಲ್ಲ. ಅದಕ್ಕೇ ಅಮೆರಿಕದಲ್ಲಿ ಮೊದಲ ಹುಟ್ಟುಹಬ್ಬಕ್ಕಿಂತ ಮುಂಚಿನ ಡೋಸನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಲ್ಕು ದಿನದ ರಿಯಾಯಿತಿ ಬಿಟ್ಟರೆ ಇನ್ನಿಲ್ಲ. ಜೊತೆಗೆ ಎಂಆರ್‌ನಲ್ಲಿ ಮಂಗನಬಾವಿನ ಲಸಿಕೆ ಇಲ್ಲ. ಹಾಗಾಗಿ ಮಂಗನಬಾವಿನದೂ ಸೇರಿರುವ, ಖಾಸಗಿಯಲ್ಲಿ ಸಿಗುವ ಎಂಎಂಆರ್ ಅನ್ನು 28 ದಿನಗಳ ಅಂತರದಲ್ಲಿ ಎರಡು ಸಲ ಹಾಕಿಸಿಬಿಡಿ. ದಡಾರದ ಪಾಲಿನದು ಒಂದು ಡೋಸ್ ಹೆಚ್ಚಾದರೆ ತೊಂದರೆಯೇನೂ ಇಲ್ಲ.

ಎರಡನೆಯದು ಪೋಲಿಯೊ. 'ಹನಿ ಎಷ್ಟು ಸಲ ಹಾಕಿಸಿದ್ದೇವೆ!' ಎಂದು ತಾಯಂದಿರು ಬೇಸರಪಡುತ್ತಾರೆ, ಅವರ ಬೇಸರ ನ್ಯಾಯವಾದದ್ದೇ. 2016ರ ಏಪ್ರಿಲ್ 25ರಂದು ಭಾರತ ಮೂರು ಬಗೆಯ ವೈರಸ್‌ಗಳ ಹನಿಯನ್ನು ನಿಲ್ಲಿಸಿ, ಎರಡನೇ ಬಗೆಯನ್ನು ಕೈಬಿಟ್ಟ ಹನಿಗೆ ಬದಲಾಯಿತು. ಅಮೆರಿಕದ ಲೆಕ್ಕದಲ್ಲಿ 2016ರ ಏಪ್ರಿಲ್ 1ರಿಂದೀಚೆಗೆ ಕುಡಿಸಿದ ಹನಿ ಯಾವುದೂ ಸೇರುವುದಿಲ್ಲ. ಪಿಎಚ್‌ಸಿಯಲ್ಲಿ ಚರ್ಮದೊಳಗೆ ಕೊಟ್ಟ ಪೋಲಿಯೊ ಚುಚ್ಚುಮದ್ದು 0.1 ಮಿ.ಲೀ., ಅಂದರೆ ಪೂರ್ಣ ಡೋಸಿನ ಐದನೇ ಒಂದು ಭಾಗ. ಶಾಲೆಯ ಲೆಕ್ಕಕ್ಕೆ ಅದನ್ನು ನಂಬಿ ಕೂರಬೇಡಿ. 0.5 ಮಿ.ಲೀ.ನ ಪೂರ್ಣ ಐಪಿವಿ (ಪೋಲಿಯೊ ಚುಚ್ಚುಮದ್ದು) ಈಗಲೇ ಶುರು ಮಾಡಿ: ಇಂದು ಒಂದು, ನಾಲ್ಕು ವಾರಕ್ಕೆ ಇನ್ನೊಂದು, ಅಲ್ಲಿಂದ ಆರು ತಿಂಗಳಿಗೆ ಮೂರನೆಯದು. ನಾಲ್ಕು ವರ್ಷ ದಾಟಿದ ಮೇಲೆ ಮೂರನೇ ಡೋಸ್ ಬಿದ್ದರೆ ನಾಲ್ಕನೆಯದು ಬೇಕಿಲ್ಲ.

ಹೆಪಟೈಟಿಸ್-ಬಿಯದು ಯಾರೂ ಗಮನಿಸದ ತೊಡಕು. ಹುಟ್ಟಿದಾಗ ಒಂದು, ಆಮೇಲೆ 6, 10, 14ನೇ ವಾರದ ಪೆಂಟಾವೇಲೆಂಟ್‌ನಲ್ಲಿ (ಐದು ಲಸಿಕೆಗಳು ಒಟ್ಟಿಗಿರುವ ಚುಚ್ಚುಮದ್ದು) ಮೂರು, ಒಟ್ಟು ನಾಲ್ಕು ಆಗಿದೆ. ಆದರೂ ಕೊನೆಯ ಡೋಸ್ 24 ವಾರ ತುಂಬಿದ ಮೇಲೆ ಆಗಿರಬೇಕೆಂಬುದು ಅವರ ನಿಯಮ. ನಮ್ಮದು 14ಕ್ಕೇ ಮುಗಿದಿದೆ. ಇನ್ನೊಂದೇ ಡೋಸ್ ಹಾಕಿಸಿದರೆ ಇದು ಸರಿಹೋಗುತ್ತದೆ.

ಡಿಪಿಟಿಯಲ್ಲಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುವಿನ ಲಸಿಕೆ) ಪೆಂಟಾವೇಲೆಂಟ್‌ನೊಳಗಿನ ಮೂರೂ ಸೇರಿ ನಾಲ್ಕು ಆಗಿದೆ, ಐದು ವರ್ಷದ ಬೂಸ್ಟರ್ ಪಿಎಚ್‌ಸಿಯಲ್ಲೇ ಉಚಿತವಾಗಿ ಸಿಗುತ್ತದೆ, ಹಾಕಿಸಿ. ಏಳು ವರ್ಷ ದಾಟಿದರೆ ಡಿಪಿಟಿ ಕೊಡುವಂತಿಲ್ಲ, ಟಿಡ್ಯಾಪ್ ಎಂಬ ಬೇರೆ ಲಸಿಕೆ ಬೇಕಾಗುತ್ತದೆ. ಇವಲ್ಲದೆ ನಮ್ಮ ಸರ್ಕಾರಿ ಪಟ್ಟಿಯಲ್ಲಿ ಇಲ್ಲದ ಎರಡನ್ನು ಟೆಕ್ಸಾಸ್ ಕೇಳುತ್ತದೆ: ಚಿಕನ್‌ಪಾಕ್ಸ್ ಎರಡು ಡೋಸ್ (ಮೂರು ತಿಂಗಳ ಅಂತರ), ಹೆಪಟೈಟಿಸ್-ಎ ಎರಡು ಡೋಸ್ (ಆರು ತಿಂಗಳ ಅಂತರ). ಹೆಪಟೈಟಿಸ್-ಎಯಲ್ಲಿ ಒಂದೇ ಡೋಸಿನ ಜೀವಂತ (ದುರ್ಬಲಗೊಳಿಸಿದ ವೈರಸ್ ಇರುವ) ಲಸಿಕೆಯೂ ನಮ್ಮಲ್ಲಿದೆ. ಅದು ಬೇಡ, ಎರಡು ಡೋಸಿನ ನಿಷ್ಕ್ರಿಯ ಲಸಿಕೆಯನ್ನೇ ಕೇಳಿ ಹಾಕಿಸಿ. ಎರಡು ಡೋಸ್ ಬೇಡುವ ಫಾರ್ಮಿನಲ್ಲಿ ಒಂದೇ ತಾರೀಖಿದ್ದರೆ ಮತ್ತೆ ವಿವರಣೆ ಕೊಡುತ್ತ ಕೂರಬೇಕು.

ನಿಮಗಿರುವ ಎರಡು ತಿಂಗಳಿಗೆ ಲೆಕ್ಕ ಹೀಗೆ. ಮೊದಲ ಭೇಟಿಯಲ್ಲೇ ಎಂಎಂಆರ್, ಚಿಕನ್‌ಪಾಕ್ಸ್, ಐಪಿವಿ, ಹೆಪಟೈಟಿಸ್-ಬಿ, ಹೆಪಟೈಟಿಸ್-ಎ, ಡಿಪಿಟಿ. ಆರೂ ಒಂದೇ ದಿನ ಆಗಬಹುದು. ಒಂದೇ ತೋಳಿಗೆ ಎರಡು ಚುಚ್ಚಬೇಕಾದರೆ ನಡುವೆ ಒಂದು ಇಂಚು ಬಿಡುತ್ತಾರೆ. ಮಗು ಅಳುತ್ತದೆಂದು ವಾರಕ್ಕೊಂದರಂತೆ ಹಂಚಿಕೊಳ್ಳಲು ಹೋದವರು ಸಿಕ್ಕಿಬೀಳುವುದು ಇಲ್ಲಿ: ಎಂಎಂಆರ್, ಚಿಕನ್‌ಪಾಕ್ಸ್ ಎರಡೂ ಜೀವಂತ ಲಸಿಕೆಗಳು. ಒಂದೇ ದಿನ ಕೊಡಬೇಕು, ತಪ್ಪಿದರೆ 28 ದಿನ ಕಾಯಲೇಬೇಕು. ನಡುವೆ ಕೊಟ್ಟರೆ ಎರಡನೆಯದು ಅನೂರ್ಜಿತ. ಇಪ್ಪತ್ತೊಂಬತ್ತನೇ ದಿನ ಎರಡನೇ ಎಂಎಂಆರ್ ಮತ್ತು ಐಪಿವಿ. ಚಿಕನ್‌ಪಾಕ್ಸ್, ಹೆಪಟೈಟಿಸ್-ಎಗಳ ಎರಡನೇ ಡೋಸ್, ಐಪಿವಿಯ ಮೂರನೆಯದು ಅಲ್ಲಿ ಹೋದ ಮೇಲೆ. ಶುರುವಾಗಿ ಅರ್ಧದಲ್ಲಿರುವ ಮಗುವನ್ನು ಶಾಲೆ ತಾತ್ಕಾಲಿಕವಾಗಿ ಸೇರಿಸಿಕೊಳ್ಳುತ್ತದೆ. ಮುಂದಿನ ಡೋಸನ್ನು ಹೊತ್ತಿಗೆ ಸರಿಯಾಗಿ ಹಾಕಿಸುತ್ತಿರಬೇಕು ಅಷ್ಟೆ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. 05/07 ಅಂದರೆ ನಮಗೆ ಜುಲೈ 5, ಅಮೆರಿಕದವರಿಗೆ ಮೇ 7. ಹೀಗೆ ತಿರುಗಾಮುರುಗಾ ಓದಿ ಸರಿಯಾಗಿದ್ದ ಡೋಸನ್ನೂ 'ಬೇಗ ಕೊಟ್ಟದ್ದು' ಎಂದು ತಳ್ಳಿಹಾಕಿಸಿಕೊಂಡವರಿದ್ದಾರೆ. ವೈದ್ಯರಿಂದ ಅವರ ಲೆಟರ್‌ಹೆಡ್‌ನಲ್ಲಿ ಎಲ್ಲ ಡೋಸುಗಳ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಬರೆಸಿ, ತಿಂಗಳನ್ನು ಅಕ್ಷರದಲ್ಲೇ ಬರೆಸಿ, ಸಹಿ, ಮೊಹರು, ನೋಂದಣಿ ಸಂಖ್ಯೆ ಇರಲಿ. ಮಗುವಿನ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ. ತಾಯಿ ಕಾರ್ಡಿನಲ್ಲಿ ಎಷ್ಟೋ ಸಲ ಮಗುವಿನ ಹೆಸರೇ ಇರುವುದಿಲ್ಲ, ತಾಯಿಯ ಹೆಸರಷ್ಟೇ ಇರುತ್ತದೆ.

ಪ್ರಶ್ನೆ: ಜರ್ಮನಿಗೆ ಹೊರಟಿದ್ದೇವೆ. ಮಗನಿಗೆ ಹದಿನಾಲ್ಕು ತಿಂಗಳು, 9ನೇ ತಿಂಗಳ ಎಂಆರ್ ಆಗಿದೆ. ಅಲ್ಲಿ ಶಿಶುವಿಹಾರಕ್ಕೆ ಏನು ಬೇಕು?
– ಓದುಗರು, ಮೈಸೂರು

ಉತ್ತರ: ಜರ್ಮನಿಯಲ್ಲಿ ಕಾನೂನಿನ ಬಲವಂತ ಇರುವುದು ದಡಾರಕ್ಕೆ ಮಾತ್ರ, 2020ರ ಮಾರ್ಚ್ 1ರಿಂದ. ಒಂದು ವರ್ಷ ತುಂಬಿದ ಮಗುವಿಗೆ ಕನಿಷ್ಠ ಒಂದು ಡೋಸ್, ಎರಡು ತುಂಬಿದ ಮೇಲೆ ಎರಡು ಡೋಸ್‌ಗಳ ಪುರಾವೆ ಬೇಕು. ಅಲ್ಲಿ 9ನೇ ತಿಂಗಳ ಡೋಸಿಗೂ ಬೆಲೆಯಿದೆ. ಪುರಾವೆ ಇಲ್ಲದಿದ್ದರೆ ಶಿಶುವಿಹಾರ, ಅಲ್ಲಿನ ಮಾತಿನಲ್ಲಿ ಕಿಟಾ, ಸೇರಿಸಿಕೊಳ್ಳುವುದೇ ಇಲ್ಲ. ಶಾಲೆ ಕಡ್ಡಾಯವಾದ್ದರಿಂದ ದೊಡ್ಡ ಮಕ್ಕಳನ್ನು ಹೊರಗಿಡುವಂತಿಲ್ಲ, ಆದರೆ ಹೆತ್ತವರಿಗೆ 2,500 ಯೂರೊವರೆಗೆ ದಂಡ ಬೀಳಬಹುದು. ನಿಮ್ಮ ಮಗನಿಗೆ ಹೊರಡುವ ಮುನ್ನವೇ ಎಂಎಂಆರ್ ಹಾಕಿಸಿ. ದಡಾರದ ಎರಡನೇ ಡೋಸ್ ಆದಂತೆಯೂ ಆಯಿತು, ಮಂಗನಬಾವಿಗೆ ಮೊದಲನೆಯದೂ ಆಯಿತು.

ಪ್ರಶ್ನೆ: ಸಿಂಗಾಪುರಕ್ಕೆ ಮಗುವಿಗೆ ಡಿಪೆಂಡೆಂಟ್ ಪಾಸ್ (ಅಲ್ಲಿ ಕೆಲಸ ಮಾಡುವವರ ಕುಟುಂಬಕ್ಕೆ ಕೊಡುವ ವಾಸದ ಪರವಾನಗಿ) ಮಾಡಿಸಬೇಕು. ಅಲ್ಲಿ ಹೋದ ಮೇಲೆ ಲಸಿಕೆ ಹಾಕಿಸಿದರೆ ನಡೆಯುತ್ತದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಹಾಗೆ ಲೆಕ್ಕ ಹಾಕಬೇಡಿ. ಸಿಂಗಾಪುರದಲ್ಲಿ ಪಾಸಿಗೇ ಲಸಿಕೆ ಗಂಟುಬಿದ್ದಿದೆ. 2019ರ ಫೆಬ್ರವರಿಯಿಂದ, ಹೊರದೇಶದಲ್ಲಿ ಹುಟ್ಟಿದ 12 ವರ್ಷ ಮತ್ತು ಅದಕ್ಕಿಂತ ಕಿರಿಯ ಮಕ್ಕಳ ದಡಾರ ಮತ್ತು ಗಂಟಲಮಾರಿ ಲಸಿಕೆಯ ದಾಖಲೆಯನ್ನು ಅಲ್ಲಿನ ಆರೋಗ್ಯಾಧಿಕಾರಿಗಳು ಪರಿಶೀಲಿಸಿ ಒಪ್ಪಬೇಕು. ಅದು ಮುಗಿಯದೆ ಅರ್ಜಿ ಮುಂದೆ ಹೋಗದು. ಗಂಟಲಮಾರಿ ಲಸಿಕೆ ಪೆಂಟಾವೇಲೆಂಟ್ ಮತ್ತು ಡಿಪಿಟಿಯೊಳಗೇ ಇದೆ.

ಪ್ರಶ್ನೆ: ಮನೆ ಬದಲಾಯಿಸುವಾಗ ಮಗಳ ಕಾರ್ಡ್ ಕಳೆದುಹೋಯಿತು. ಪರಿಚಯದ ಕ್ಲಿನಿಕ್‌ನವರು 'ಹೊಸ ಪುಸ್ತಕದಲ್ಲಿ ತಾರೀಖು ತುಂಬಿಕೊಡುತ್ತೇವೆ' ಅನ್ನುತ್ತಾರೆ. ಒಪ್ಪಿಕೊಳ್ಳಬಹುದೇ?
– ಓದುಗರು, ಕಲಬುರಗಿ

ಉತ್ತರ: ಖಂಡಿತ ಬೇಡ. ಸುಳ್ಳು ತಾರೀಖು ನೋಡಿ ಅಲ್ಲಿನ ವೈದ್ಯರು 'ಈ ಮಗುವಿಗೆ ರಕ್ಷಣೆಯಿದೆ' ಎಂದುಕೊಂಡರೆ, ಕಾಯಿಲೆ ಬಂದಾಗ ಅನುಭವಿಸುವುದು ಮಗು. ಐದು ವರ್ಷದ ನಮೂದುಗಳೆಲ್ಲ ಒಂದೇ ಪೆನ್ನು, ಒಂದೇ ಕೈಬರಹದಲ್ಲಿದ್ದರೆ ಯಾರಿಗಾದರೂ ಅನುಮಾನ ಬರುತ್ತದೆ.

ಮೊದಲು ಲಸಿಕೆ ಹಾಕಿಸಿದ ಪಿಎಚ್‌ಸಿಗೆ ಹೋಗಿ. ಮಗು ಹುಟ್ಟಿದ ವರ್ಷ, ತಾಯಿಯ ಹೆಸರು, ಆಗಿನ ವಿಳಾಸ ಹೇಳಿದರೆ ಎಎನ್‌ಎಂ (ಆರೋಗ್ಯ ಸಹಾಯಕಿ) ಬಳಿಯ ರಿಜಿಸ್ಟರಿನಲ್ಲಿ ಹುಡುಕಬಹುದು. ಆ ಕಾಲದ ಆಶಾ ಕಾರ್ಯಕರ್ತೆ ನೆನಪಿದ್ದರೆ ಕೆಲಸ ಇನ್ನೂ ಸುಲಭ. ಈಚಿನ ಮಕ್ಕಳದಾದರೆ ಸರ್ಕಾರದ ಲಸಿಕೆ ಪೋರ್ಟಲ್ ಯು-ವಿನ್‌ನಲ್ಲಿ ನೋಂದಾಯಿಸಿದ ಮೊಬೈಲ್ ನಂಬರಿನಿಂದ ಪ್ರಮಾಣಪತ್ರ ತೆಗೆಯಬಹುದು. ಎಲ್ಲೂ ಸಿಗಲಿಲ್ಲವೆಂದರೆ ದಡಾರ, ರುಬೆಲ್ಲಾ, ಚಿಕನ್‌ಪಾಕ್ಸ್, ಹೆಪಟೈಟಿಸ್-ಬಿಗೆ ರಕ್ತದಲ್ಲಿ ಪ್ರತಿಕಾಯ ಪರೀಕ್ಷೆಯಿದೆ. ಆದರೆ ಪರೀಕ್ಷೆಗೆ ಹಣ ಸುರಿಯುವ ಬದಲು ಮತ್ತೆ ಲಸಿಕೆಯನ್ನೇ ಹಾಕಿಸುವುದು ಹಲವು ಸಲ ಅಗ್ಗ, ಬೇಗ ಮುಗಿಯುವ ದಾರಿ ಕೂಡ. ಬಿಸಿಜಿ (ಕ್ಷಯದ ಲಸಿಕೆ) ಒಂದನ್ನು ಮಾತ್ರ ಮತ್ತೆ ಹಾಕಿಸಬೇಡಿ.

ಪ್ರಶ್ನೆ: ಉಗಾಂಡಕ್ಕೆ ಹೋಗಲು ಹಳದಿ ಜ್ವರದ ಲಸಿಕೆ ಬೇಕಂತೆ. ನಮ್ಮ ಮಗುವಿಗೆ ಏಳು ತಿಂಗಳು.
– ಓದುಗರು, ಉಡುಪಿ

ಉತ್ತರ: ಇದು ಕಾಮಾಲೆಯಲ್ಲ, ಸೊಳ್ಳೆಯಿಂದ ಹರಡುವ ಬೇರೆಯೇ ಕಾಯಿಲೆ. ಲಸಿಕೆ ಸಾಮಾನ್ಯವಾಗಿ 9 ತಿಂಗಳು ತುಂಬಿದ ಮೇಲೆ. ಆರು ತಿಂಗಳೊಳಗೆ ಕೊಡುವಂತೆಯೇ ಇಲ್ಲ, ಮೆದುಳಿನ ಉರಿಯೂತದ ಅಪಾಯವಿದೆ. ಸಾಧ್ಯವಾದರೆ ತಾಯಿ-ಮಗುವಿನ ಪ್ರಯಾಣವನ್ನು ಎರಡೂವರೆ ತಿಂಗಳು ಮುಂದೂಡಿ. ಸರ್ಕಾರ ಅನುಮೋದಿಸಿದ ಕೇಂದ್ರದಲ್ಲೇ ಹಾಕಿಸಬೇಕು. ಪ್ರಮಾಣಪತ್ರ ಹತ್ತು ದಿನದ ನಂತರ ಜಾರಿಗೆ ಬರುತ್ತದೆ, ಆಮೇಲೆ ಜೀವನಪರ್ಯಂತ ನಡೆಯುತ್ತದೆ. ಮೊಟ್ಟೆ ಆಗದ ಮಗುವಾದರೆ ಮೊದಲೇ ಹೇಳಿ. 9ನೇ ತಿಂಗಳ ಎಂಆರ್ ಕೂಡ ಜೀವಂತ ಲಸಿಕೆಯಾದ್ದರಿಂದ ಅದನ್ನೂ ಇದನ್ನೂ ಒಂದೇ ದಿನ, ಇಲ್ಲವೇ ನಾಲ್ಕು ವಾರ ಬಿಟ್ಟು ಕೊಡಿಸಿ. ಊರಿಗೆ ಮರಳುವಾಗಲೂ ಆ ಪ್ರಮಾಣಪತ್ರದ ಹಳದಿ ಪುಸ್ತಕ ಕೈಚೀಲದಲ್ಲೇ ಇರಲಿ: ಈ ಕಾಯಿಲೆ ಭಾರತದಲ್ಲಿಲ್ಲ, ಹರಡುವ ಸೊಳ್ಳೆ ಮಾತ್ರ ಧಾರಾಳವಾಗಿದೆ, ಹಾಗಾಗಿ ಪ್ರಮಾಣಪತ್ರವಿಲ್ಲದೆ ಬಂದವರನ್ನು ವಿಮಾನ ನಿಲ್ದಾಣದಿಂದಲೇ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು.