ಅತ್ತೆಯ ಗದ್ದುಗೆಯ ಮೇಲೆ ನಾನು ಕೂರಲೇ?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಶುಶ್ರೂಷಾಧಿಕಾರಿ. ನಮ್ಮತ್ತೆಗೆ ಎಪ್ಪತ್ತು ದಾಟಿದೆ. ಮಂಗಳವಾರ ಮತ್ತು ಶುಕ್ರವಾರ ಅವರ ಮೈಮೇಲೆ ಅಮ್ಮನವರು ಬರುತ್ತಾರೆ. ಸುತ್ತಲಿನ ಹಳ್ಳಿಗಳ ಹೆಂಗಸರು ಅಪ್ಪಣೆ ಕೇಳಲು ಬರುತ್ತಾರೆ. ಉಳಿದ ದಿನಗಳಲ್ಲಿ ಅವರು ಕಾಮಾಲೆಗೆ ಸೊಪ್ಪಿನ ಔಷಧ ಕೊಡುತ್ತಾರೆ, ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚುತ್ತಾರೆ, ಮಕ್ಕಳಿಗೆ ದೃಷ್ಟಿ ತೆಗೆಯುತ್ತಾರೆ. ಎಲೆ-ಅಡಿಕೆ ಬಿಟ್ಟು ಬೇರೇನನ್ನೂ ಮುಟ್ಟಿದವರಲ್ಲ. ಈಗ ಮಂಡಿನೋವಿನಿಂದ ಕೂರಲಾಗದೆ, ‘ನನ್ನ ನಂತರ ನೀನೇ’ ಎನ್ನುತ್ತಿದ್ದಾರೆ. ನನ್ನ ಮೈಮೇಲೆ ಯಾವ ದೇವರೂ ಬಂದಿಲ್ಲ. ‘ಕೂತರೆ ತಾನೇ ಬರುತ್ತೆ’ ಎನ್ನುವ ನಮ್ಮ ಭಾವ, ಮನೆ ಮುಂದೆ ಗುಡಿ ಕಟ್ಟಿಸಿ ಬೋರ್ಡು ಹಾಕಿಸುವ ಆಲೋಚನೆಯಲ್ಲಿದ್ದಾರೆ. ಕಳೆದ ಮಳೆಗಾಲದಲ್ಲಿ ಕಣ್ಣು ಹಳದಿಯಾದ ತುಂಬು ಬಸುರಿಯೊಬ್ಬಳು ಅತ್ತೆಯ ಔಷಧ ಕುಡಿಯುತ್ತ ಕಾಲ ಕಳೆದು, ಕೊನೆಗೆ ನಮ್ಮಲ್ಲಿಗೆ ಬಂದಳು. ಜಿಲ್ಲಾಸ್ಪತ್ರೆಗೆ ಕಳಿಸಿದ್ದರಿಂದ ಉಳಿದಳು. ಒಲ್ಲೆ ಎಂದರೆ ತಾಯಿಯಂಥ ಅತ್ತೆಗೆ ದ್ರೋಹ, ಹೂಂ ಎಂದರೆ ಓದಿದ ವಿದ್ಯೆಗೆ ದ್ರೋಹ ಎನ್ನಿಸುತ್ತದೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಸೋದರಿ, ಒಂದು ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಮೈಮೇಲೆ ಬಾರದ ದೇವರನ್ನು ಬಂದಂತೆ ತೋರಿಸಿಕೊಂಡು ನೀವು ಆ ಗದ್ದುಗೆಯ ಮೇಲೆ ಕೂರಬಾರದು. ನೀವು ಓದಿದವರು ಎಂಬ ಕಾರಣಕ್ಕೆ ಇದನ್ನು ಹೇಳುತ್ತಿಲ್ಲ. ಅತ್ತೆಯವರು ಇಷ್ಟು ವರ್ಷ ಮಾಡಿದ್ದನ್ನು ಅವರೂ ನಂಬಿದ್ದರು, ಬಂದವರೂ ನಂಬಿದ್ದರು. ನೀವು ಕೂತರೆ ನಂಬುವವರು ಬಂದವರು ಮಾತ್ರ. ಸಂಪ್ರದಾಯವೂ ಭಾವನವರು ತಿಳಿದಷ್ಟು ಸಡಿಲವಾಗಿಲ್ಲ. ತುಳುನಾಡಿನ ಕವತ್ತಾರು, ಹಿರಿಯಡಕದಂಥ ಕಡೆ ನಡೆಯುವ ಸಿರಿ ಜಾತ್ರೆಯಲ್ಲಿ, ಸಿರಿ ಎಂಬ ದೈವ ಮೈಮೇಲೆ ಬಂದಂತಾಗಿ ಹಿಂಗಾರ (ಅಡಿಕೆಯ ಹೂಗೊನೆ) ಹಿಡಿದು ನಡುಗುವ ಹೊಸ ಹೆಣ್ಣುಮಗಳನ್ನು, ಸಿರಿಯ ಮಗ ಕುಮಾರನ ಪಾತ್ರಿಯೂ ಮೊದಲಿನಿಂದ ಸಿರಿ ಬರುತ್ತಿರುವ ಹಿರಿಯ ಹೆಂಗಸರೂ ‘ನೀನು ಯಾರು?’ ಎಂದು ಮತ್ತೆ ಮತ್ತೆ ಕೇಳಿ, ಅವಳ ಬಾಯಿಂದಲೇ ಹೆಸರು ಹೊರಡಿಸುತ್ತಾರೆ. ಮೊದಲು ಬರಬೇಕು, ಆಮೇಲೆ ಹಿರಿಯರು ಒಪ್ಪಬೇಕು. ಖಾಲಿಯಾದ ಹುದ್ದೆಗೆ ಮನೆಯವರು ಆಳು ಗೊತ್ತುಮಾಡುವ ಕ್ರಮ ಅಲ್ಲಿಲ್ಲ.

ಆದರೆ ನಿಮ್ಮ ಅತ್ತೆಯವರ ಗದ್ದುಗೆಯಲ್ಲಿ ದೇವರೊಂದೇ ಇಲ್ಲ ಎಂಬುದನ್ನು ನಿಧಾನವಾಗಿ ಗಮನಿಸಿ. ಮಂಗಳವಾರ ಬರುವ ಹೆಂಗಸರು ಯಾಕೆ ಬರುತ್ತಾರೆ? ಗಂಡನ ಕುಡಿತ, ನಿಲ್ಲದ ಗರ್ಭ, ತವರಿಗೆ ಕಳಿಸದ ಹಟ, ಯಾರಿಗೂ ಹೇಳಲಾಗದ ಮುಟ್ಟಿನ ತೊಂದರೆ, ಇವನ್ನೆಲ್ಲ ಅರಳಿಕಟ್ಟೆಯ ಮೇಲೆ ಕೂತ ಗಂಡಸರ ಪಂಚಾಯಿತಿಗೆ ಒಯ್ಯಲಾಗದವರಿಗೆ ಆ ಗದ್ದುಗೆಯೇ ನ್ಯಾಯಸ್ಥಾನ. ‘ಈ ಮಗಳ ಮೇಲೆ ಕೈ ಮಾಡಿದರೆ ನನ್ನ ಮೇಲೆ ಮಾಡಿದ ಹಾಗೆ’ ಎಂದು ಅಮ್ಮನವರು ಅಪ್ಪಣೆ ಕೊಟ್ಟರೆ, ಪೊಲೀಸರಿಗೂ ಹೆದರದ ಗಂಡ ಅಡ್ಡಬೀಳುತ್ತಾನೆ. ಅದು ಸಣ್ಣ ಶಕ್ತಿಯಲ್ಲ. ಆದರೂ ದೇವರು ಇಳಿದ ಮರುಗಳಿಗೆ ಅದೇ ಹೆಂಗಸು ಸೆರಗು ಹೊದ್ದು, ಅದೇ ಗಂಡಸರಿಗೆ ಕಾಫಿ ಕಾಸಲು ಒಳಗೆ ಹೋಗಬೇಕಾಗುತ್ತದೆ ಎಂಬುದು ನನ್ನನ್ನು ಯಾವಾಗಲೂ ಕಾಡುವ ಸಂಗತಿ. ನಿಮ್ಮ ಪತ್ರದಲ್ಲೇ ನೋಡಿ, ಅಮ್ಮನವರು ಬರುವುದು ಅತ್ತೆಯ ಮೈಮೇಲೆ, ಗುಡಿಯ ತೀರ್ಮಾನ ಭಾವನದು.

ಹೆಣ್ಣಿನ ಅಧಿಕಾರವಾಣಿಗೆ ಇದೊಂದೇ ದಾರಿಯೂ ಅಲ್ಲ. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿ ಮಾತಾಡಿದ್ದು ತನ್ನ ಅನುಭಾವದ ಬಲದಿಂದ, ತನ್ನದೇ ದನಿಯಲ್ಲಿ. 1970ರಲ್ಲಿ ಮಾತೆ ಮಹಾದೇವಿಯವರು ಜಗದ್ಗುರು ಪೀಠವೇರಿದಾಗಲೂ, ಅವರ ನಿಲುವುಗಳನ್ನು ಎಷ್ಟೇ ಮಂದಿ ವಿರೋಧಿಸಿದ್ದರೂ, ಅವರು ನುಡಿದದ್ದು ತಮ್ಮ ಹೆಸರಿನಲ್ಲೇ. ನೀವೂ ಆ ಚಾವಡಿಯಲ್ಲಿ ನೀವಾಗಿಯೇ ಕೂರಬಹುದು. ಅತ್ತೆಯವರು ಇರುವಾಗಲೇ, ಡ್ಯೂಟಿ ಇಲ್ಲದ ಮಂಗಳವಾರಗಳಂದು ಅವರ ಪಕ್ಕದಲ್ಲಿ ಕೂತು, ಬಂದವರ ಮಾತು ಕೇಳಿ. ಹೊಡೆತ ತಿನ್ನುವವಳಿಗೆ 181 ಮಹಿಳಾ ಸಹಾಯವಾಣಿಯನ್ನೂ ಸಾಂತ್ವನ ಕೇಂದ್ರವನ್ನೂ, ನಿದ್ದೆಯಿಲ್ಲದೆ ಬದುಕೇ ಬೇಡವೆನ್ನುವವಳಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನೂ ಹೇಳಿಕೊಟ್ಟು, ಅಗತ್ಯವಿದ್ದರೆ ಅಲ್ಲಿಂದಲೇ ಕರೆ ಮಾಡಿಸಿ. ದೇವರು ಬಾರದ ಚಾವಡಿಗೆ ಕೆಲವರು ಬರುವುದನ್ನು ಬಿಡುತ್ತಾರೆ. ಬಿಡಲಿ.

ಇನ್ನು ಔಷಧ. ಕಾಮಾಲೆಯ ವಿಷಯದಲ್ಲಿ ಅತ್ತೆಯವರ ಕೈಗುಣಕ್ಕೆ ಹೆಸರು ಬಂದದ್ದೇಕೆ ಎಂಬುದು ನಿಮಗೆ ಗೊತ್ತೇ ಇದೆ. ನೀರಿನಿಂದ ಹರಡುವ ಹೆಪಟೈಟಿಸ್ ಎ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಅವಧಿಯಲ್ಲಿ ಕುಡಿದ ಕಿರುನೆಲ್ಲಿಯ ರಸಕ್ಕೂ ಹಿಡಿದ ಪಥ್ಯಕ್ಕೂ ಕೀರ್ತಿ ಸಲ್ಲುತ್ತದೆ. ಆದರೆ ಹಳದಿ ಕಣ್ಣೆಲ್ಲ ಒಂದೇ ರೋಗವಲ್ಲ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ, ಗಡ್ಡೆ ಒತ್ತಿದರೂ, ಹೆಪಟೈಟಿಸ್ ಬಿ ಇದ್ದರೂ ಕಣ್ಣು ಹಳದಿಯಾಗುತ್ತದೆ. ಹೆಪಟೈಟಿಸ್ ಇ ತುಂಬು ಬಸುರಿಯ ಜೀವವನ್ನೇ ತೆಗೆಯಬಲ್ಲದು. ಹಸುಗೂಸಿನ ಕಾಮಾಲೆ ಮಿತಿಮೀರಿದರೆ ಮೆದುಳಿಗೇ ಪೆಟ್ಟು. ಸರ್ಪಸುತ್ತಿನ ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರುಮಾಡಿದರೆ ಹೆಚ್ಚು ಪ್ರಯೋಜನ. ಕಣ್ಣಿನ ಹತ್ತಿರ ಎದ್ದರಂತೂ ಕೆಮ್ಮಣ್ಣು ಹಚ್ಚಿಕೊಂಡು ಕಾಯುವಂತೆಯೇ ಇಲ್ಲ.

ಇದನ್ನೆಲ್ಲ ಅತ್ತೆಯವರ ಮುಂದೆ ಪಾಠದಂತೆ ಒಪ್ಪಿಸಬೇಡಿ. ಆ ಬಸುರಿಯ ಸುದ್ದಿಯಿಂದ ಅವರೂ ಒಳಗೇ ಬೆಂದಿರುತ್ತಾರೆ. ಒಂದು ಕೆಲಸ ನಿಮ್ಮಿಂದ, ನಿಮ್ಮ ವೈದ್ಯರಿಂದ ಆಗದು, ಅವರಿಂದ ಮಾತ್ರ ಆಗುತ್ತದೆ ಎಂದು ಹೇಳಿ: ಯಾರೇ ಹಳದಿ ಕಣ್ಣಿನೊಂದಿಗೆ ಬಂದರೂ ‘ರಕ್ತ ಪರೀಕ್ಷೆ ಮಾಡಿಸಿಕೊಂಡು ಬಾ, ಆಮೇಲೆ ನೋಡೋಣ’ ಎನ್ನಬೇಕು, ಬಸುರಿ, ಬಾಣಂತಿ, ಕೂಸುಗಳಿಗೆ ಮತ್ತು ಹಾವು ಕಚ್ಚಿದವರಿಗೆ ಏನನ್ನೂ ಕೊಡದೆ, ಏನನ್ನೂ ಕಟ್ಟದೆ ನೇರ ಆಸ್ಪತ್ರೆಗೆ ಅಟ್ಟಬೇಕು. ನೀವು ಸಮವಸ್ತ್ರ ತೊಟ್ಟು ಹತ್ತು ಸಲ ಹೇಳಿದರೂ ಕೇಳದವರು ಅವರ ಒಂದು ಮಾತಿಗೆ ಬಸ್ಸು ಹತ್ತುತ್ತಾರೆ. ಅವರಿಗೆ ಮೊದಲ ಸಲ ಅಮ್ಮನವರು ಬಂದದ್ದು ಯಾವಾಗ, ಆಗ ಅವರ ಬಾಳಿನಲ್ಲಿ ಏನು ನಡೆಯುತ್ತಿತ್ತು ಎಂದೂ ಬಿಡುವಿನಲ್ಲಿ ಕೇಳಿ. ಇಷ್ಟು ವರ್ಷಗಳಲ್ಲಿ ಮನೆಯಲ್ಲಿ ಯಾರೂ ಕೇಳಿರಲಾರರು ಎಂದು ನನ್ನ ಊಹೆ.

ಕಲಿಯಬೇಕಾದದ್ದನ್ನೂ ಕಲಿತುಕೊಳ್ಳಿ. ನಿಮ್ಮದೇ ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಬಿಡಿಗಾಸೂ ಪಡೆಯದೆ ಮಾಡಿಸಿದವರೆಂದು ಹೆಸರಾದವರು. 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಆ ವಿದ್ಯೆ ಅವರಿಗೆ ಬಂದದ್ದು ಅಜ್ಜಿಯಿಂದ, ಪಕ್ಕದಲ್ಲಿದ್ದು ನೋಡಿ. ಬಾಣಂತಿಯ ಮೈ ಹೇಗೆ ಹಿಡಿಯಬೇಕು, ಅಳುವ ಕೂಸನ್ನು ಹೇಗೆ ಮಲಗಿಸಬೇಕು, ಹೆದರಿ ಬಂದವಳನ್ನು ಯಾವ ಮಾತಿನಿಂದ ಸಮಾಧಾನಕ್ಕೆ ತರಬೇಕು ಎಂಬುದು ಅತ್ತೆಯವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಹೆಸರು ಹೇಳಿದರೆ ಸೊಪ್ಪಿನ ಗುಣ ಹೋಗುತ್ತದೆ ಎಂದು ಅವರು ನಂಬಿದ್ದರೂ, ‘ಆಸ್ಪತ್ರೆಗೆ ಬಂದವರು ಏನು ಕುಡಿದಿದ್ದಾರೆಂದು ಡಾಕ್ಟರಿಗೆ ತಿಳಿಯಬೇಕು’ ಎಂದು ವಿನಂತಿಸಿ ಬರೆದಿಟ್ಟುಕೊಳ್ಳಿ.

ಕೊನೆಯದಾಗಿ ನಿಮ್ಮ ಭಾವ. ತಾಯಿತ, ಮಂತ್ರ, ಕವಚಗಳಿಂದ ರೋಗ ವಾಸಿಯಾಗುತ್ತದೆಂದು ಜಾಹೀರಾತು ಕೊಡುವುದನ್ನು 1954ರ ಕೇಂದ್ರ ಕಾಯ್ದೆಯೊಂದು ನಿಷೇಧಿಸಿದೆ. ನೀವು ಸರ್ಕಾರಿ ನೌಕರರು ಬೇರೆ. ಬೋರ್ಡಿನ ಮಾತು ಬಂದಾಗ ನಿಮ್ಮ ಗಂಡನಿಂದಲೇ ಇದನ್ನು ಅಣ್ಣನಿಗೆ ಹೇಳಿಸಿ, ನಿಮ್ಮ ಹೆಸರಾಗಲಿ ಫೋಟೋ ಆಗಲಿ ಎಲ್ಲಿಯೂ ಬರಕೂಡದೆಂದು ಸ್ಪಷ್ಟಪಡಿಸಿ. ಗುಡಿ ಬೇಕೇ ಬೇಡವೇ ಎಂಬುದನ್ನು ಅತ್ತೆಯವರು ಹೇಳಲಿ. ಎಲೆ-ಅಡಿಕೆಗಿಂತ ಹೆಚ್ಚು ಮುಟ್ಟದವರು ಹುಂಡಿ ಇಡಿಸಲು ಒಪ್ಪುವರೆಂದು ನನಗನ್ನಿಸುವುದಿಲ್ಲ. ಮುಂದೆ ಮನೆತನದ ಬೇರೊಬ್ಬ ಹೆಣ್ಣುಮಗಳ ಮೈಮೇಲೆ ಅಮ್ಮನವರು ಬಂದರೆ ಅಡ್ಡ ಬರಬೇಡಿ. ಹಳದಿ ಕಣ್ಣಿನವರ ವಿಷಯದಲ್ಲಿ ಅತ್ತೆಯವರು ಹಾಕಿಕೊಟ್ಟ ನಿಯಮವನ್ನು ಅವಳೂ ಪಾಲಿಸುವಂತೆ ಮೊದಲ ದಿನವೇ ಮಾತು ತೆಗೆದುಕೊಳ್ಳಿ.