2022ರ ಬುಡಾಪೆಸ್ಟ್ ವಿಶ್ವ ಈಜು ಚಾಂಪಿಯನ್‌ಷಿಪ್‌ನ ಪುರುಷರ 50 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ (ಅಂಗಾತ ಈಜುವ ಸ್ಪರ್ಧೆ) ಅನರ್ಹಗೊಂಡಿದ್ದ ಈಜುಗಾರನಿಗೇ ಚಿನ್ನ ಸಿಕ್ಕಿದ್ದು ಹೇಗೆ?

ಅಮೆರಿಕದ ಜಸ್ಟಿನ್ ರೆಸ್ 24.12 ಸೆಕೆಂಡುಗಳಲ್ಲಿ ಗೋಡೆ ಮುಟ್ಟಿ, ತಮ್ಮದೇ ತಂಡದ ಹಂಟರ್ ಆರ್ಮ್‌ಸ್ಟ್ರಾಂಗ್ ಅವರನ್ನು ಒಂದು ಸೆಕೆಂಡಿನ ನೂರರಲ್ಲಿ ಎರಡು ಭಾಗದಷ್ಟು ಅಂತರದಿಂದ ಹಿಂದಿಕ್ಕಿದ್ದರು. ಆದರೆ ಗೋಡೆ ಮುಟ್ಟುವಾಗ ಅವರ ದೇಹ ಸಂಪೂರ್ಣವಾಗಿ ನೀರಿನೊಳಗಿತ್ತೆಂಬ ಕಾರಣಕ್ಕೆ ಅವರನ್ನು ಅನರ್ಹಗೊಳಿಸಲಾಯಿತು. ಆರಂಭದ ನಂತರದ 15 ಮೀಟರ್‌ಗಳನ್ನು ಬಿಟ್ಟರೆ ಉಳಿದ ದೂರದುದ್ದಕ್ಕೂ, ಗೋಡೆ ಮುಟ್ಟುವ ಕ್ಷಣದಲ್ಲೂ, ದೇಹದ ಯಾವುದಾದರೂ ಒಂದು ಭಾಗ ನೀರಿನಿಂದ ಹೊರಗಿರಲೇಬೇಕು ಎಂಬುದು ಅಂದಿನ ನಿಯಮವಾಗಿತ್ತು.

ಈ ನಿಯಮವನ್ನು ಪಾಲಿಸುವುದು ಸುಲಭವಲ್ಲ. ಅಂಗಾತ ಈಜುವವರಿಗೆ ಗೋಡೆ ಕಾಣುವುದಿಲ್ಲ. 5 ಮೀಟರ್ ಮೊದಲು ಮೇಲೆ ಕಟ್ಟಿದ ಬಾವುಟಗಳನ್ನು ನೋಡಿ, ಅಲ್ಲಿಂದ ಕೈಬೀಸುಗಳನ್ನು ಎಣಿಸಿಕೊಂಡು, ಕೊನೆಯ ಬೀಸಿನಲ್ಲಿ ತಲೆಯನ್ನು ಹಿಂದಕ್ಕೆ ಚಾಚಿ ಗೋಡೆಯತ್ತ ಧುಮುಕುತ್ತಾರೆ. ಆಗ ತಲೆ, ಎದೆ ಮುಳುಗುತ್ತವೆ. ಕಾಲ್ಬೆರಳಷ್ಟೇ ಹೊರಗಿದೆಯೋ ಇಲ್ಲವೋ ಎಂಬುದನ್ನು, ಚಿಮ್ಮುವ ನೀರಿನ ನಡುವೆ, ದಡದ ಮೇಲೆ ನಿಂತ ತೀರ್ಪುಗಾರರು ಬರಿಗಣ್ಣಿನಿಂದ ನಿರ್ಧರಿಸಬೇಕೆನ್ನುವುದು ನನಗಂತೂ ಅತಿಯಾದ ನಿರೀಕ್ಷೆಯೆನಿಸುತ್ತದೆ.

ಅಮೆರಿಕ ತಂಡ ಮೇಲ್ಮನವಿ ಸಲ್ಲಿಸಿದ ಬಳಿಕ ವಿಡಿಯೊ ಪರಿಶೀಲಿಸಿ ಅನರ್ಹತೆಯನ್ನು ರದ್ದುಪಡಿಸಲಾಯಿತು. ರೆಸ್‌ಗೆ ಚಿನ್ನ, ಆರ್ಮ್‌ಸ್ಟ್ರಾಂಗ್‌ಗೆ ಬೆಳ್ಳಿ, ಪೋಲೆಂಡಿನ ಕ್ಸಾವೆರಿ ಮಾಶುಕ್‌ಗೆ ಕಂಚು ಎಂದಾಯಿತು. ಇದರಿಂದ ನಿಜವಾಗಿ ಪೆಟ್ಟು ತಿಂದವರು, ಅದೇ ಕೂಟದ 100 ಮೀಟರ್‌ನಲ್ಲಿ 51.60 ಸೆಕೆಂಡುಗಳ ವಿಶ್ವದಾಖಲೆ ಬರೆದಿದ್ದ ಇಟಲಿಯ ಥಾಮಸ್ ಚೆಕ್ಕೋನ್; ಅವರು ನಾಲ್ಕನೆಯ ಸ್ಥಾನಕ್ಕೆ ಇಳಿದರು.

2023ರಲ್ಲಿ ನಿಯಮವನ್ನೇ ಸಡಿಲಿಸಲಾಯಿತು. ಈಗ ಕೊನೆಯ 5 ಮೀಟರ್ ಗುರುತನ್ನು ತಲೆ ದಾಟಿದ ಮೇಲೆ ಈಜುಗಾರರು ಪೂರ್ತಿ ಮುಳುಗಿದರೂ ತಪ್ಪಾಗುವುದಿಲ್ಲ.