ಮುಂದಿನ ಫಸಲು ಕೊಟ್ಟು ಇವತ್ತು ಸ್ಟಾರ್ ತರಬಹುದಾ?

ಪ್ರಶ್ನೆ: ಸೋಮವಾರ ಬೆಳಗಿನ ಜಾವ ಎದ್ದು ಅಮೆರಿಕದ ಎನ್‌ಎಫ್‌ಎಲ್ ಫುಟ್‌ಬಾಲ್ ನೋಡುತ್ತೇನೆ. ಅಲ್ಲಿ ತಂಡಗಳು ಒಬ್ಬ ಸ್ಟಾರ್‌ಗಾಗಿ ಮುಂದಿನ ಎರಡು ವರ್ಷದ ಡ್ರಾಫ್ಟ್ ಪಿಕ್‌ಗಳನ್ನೇ ಕೊಟ್ಟುಬಿಡುತ್ತವೆ. ನಮ್ಮ ಕಡೆ ಮಾವಿನ ತೋಟದ ಎರಡು ವರ್ಷದ ಫಸಲನ್ನು ಮೊದಲೇ ವ್ಯಾಪಾರಿಗೆ ಬರೆದುಕೊಟ್ಟ ಹಾಗೆ ಕಾಣುತ್ತದೆ. ಇದು ಒಳ್ಳೆ ವ್ಯಾಪಾರವಾ ಸಾರ್?
— ಓದುಗರು, ಶ್ರೀನಿವಾಸಪುರ

ಉತ್ತರ: ಹೋಲಿಕೆ ಚೆನ್ನಾಗಿದೆ, ಆದರೆ ಒಂದು ಕಡೆ ಲೆಕ್ಕ ತಿರುಗಿಬೀಳುತ್ತದೆ. ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು: ಕಾಲೇಜು ಮುಗಿಸಿ ಬರುವ ಹುಡುಗರನ್ನು 32 ತಂಡಗಳು ವರ್ಷಕ್ಕೊಮ್ಮೆ 7 ಸುತ್ತಿನಲ್ಲಿ ಆರಿಸಿಕೊಳ್ಳುತ್ತವೆ. ಇದೇ ಡ್ರಾಫ್ಟ್, ಅದರಲ್ಲಿ ಆರಿಸುವ ಒಂದೊಂದು ಸರದಿಯೇ ಪಿಕ್. ಐಪಿಎಲ್ ತರ ಹರಾಜು ಇಲ್ಲ. ಹಿಂದಿನ ಸೀಸನ್‌ನಲ್ಲಿ ಜಾಸ್ತಿ ಸೋತವರಿಗೆ ಮೊದಲ ಸರದಿ, ಕಪ್ ಗೆದ್ದವರಿಗೆ ಕೊನೆಯದು.

ಜನವರಿಯಲ್ಲಿ ವ್ಯಾಪಾರಿ ನಿಮ್ಮ ತೋಟಕ್ಕೆ ಬಂದು, ತಲೆ ಎತ್ತಿ ಹೂವು ನೋಡುತ್ತಾ ಮರದಿಂದ ಮರಕ್ಕೆ ನಡೆದು ರೇಟು ಹೇಳುತ್ತಾನೆ ಅಲ್ವಾ? ಆಮೇಲೆ ಜಿಗಿಹುಳು ಬಿದ್ದರೆ, ಆಲಿಕಲ್ಲು ಸುರಿದರೆ ನಷ್ಟ ಅವನದು. ಫುಟ್‌ಬಾಲ್‌ನಲ್ಲಿ ಹಾಗಲ್ಲ. ಪಿಕ್ ಕೊಟ್ಟವನ ತೋಟ ಹಾಳಾದಷ್ಟೂ ತಗೊಂಡವನಿಗೆ ಒಳ್ಳೆ ಹಣ್ಣು!

ಡೆನ್ವರ್ ಬ್ರಾಂಕೋಸ್ ನೋಡಿ. 2022ರಲ್ಲಿ ಸಿಯಾಟಲ್‌ನಿಂದ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವ ಆಟಗಾರ) ರಸೆಲ್ ವಿಲ್ಸನ್‌ನನ್ನು ತಂದರು. ಕೊಟ್ಟಿದ್ದು ಎರಡು ಮೊದಲ ಸುತ್ತಿನ ಪಿಕ್, ಎರಡು ಎರಡನೇ ಸುತ್ತಿನವು, ಮೇಲೆ ಮೂವರು ಆಟಗಾರರು. ಆ ಸೀಸನ್ 5 ಗೆಲುವು, 12 ಸೋಲು. ಹಾಗಾಗಿ 2023ರ ಡ್ರಾಫ್ಟ್‌ನ 5ನೇ ಸರದಿ ಸಿಯಾಟಲ್‌ಗೆ ಹೋಯಿತು, ಅವರು ಡೆವನ್ ವಿದರ್‌ಸ್ಪೂನ್‌ನನ್ನು ಆರಿಸಿಕೊಂಡರು. ವಿಲ್ಸನ್‌ನನ್ನು 2024ರ ಮಾರ್ಚ್‌ನಲ್ಲಿ ಡೆನ್ವರ್‌ನವರೇ ಬಿಟ್ಟರು. ಎಂಥಾ ನೋವು ನೋಡಿ.

ಅದೇ 2022ರ ಸೀಸನ್‌ನಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ಕೂಡ 5–12. ಅವರೂ ಮ್ಯಾಥ್ಯೂ ಸ್ಟಾಫರ್ಡ್‌ಗಾಗಿ 2021ರಲ್ಲೇ ಎರಡು ಮೊದಲ ಸುತ್ತಿನ ಪಿಕ್‌ಗಳನ್ನು ಡೆಟ್ರಾಯಿಟ್‌ಗೆ ಬರೆದುಕೊಟ್ಟಿದ್ದರು, ಜತೆಗೆ ಒಂದು ಮೂರನೇ ಸುತ್ತಿನದು ಮತ್ತು ತಮ್ಮ ಕ್ವಾರ್ಟರ್‌ಬ್ಯಾಕ್ ಜೇರೆಡ್ ಗಾಫ್. ಅದರಲ್ಲೊಂದು ಪಿಕ್ 6ನೇ ಸರದಿಯಾಗಿ ಡೆಟ್ರಾಯಿಟ್ ಕೈ ಸೇರಿತು. ಆದರೆ ರ‍್ಯಾಮ್ಸ್ ಅಭಿಮಾನಿ ಯಾರೂ ಅದಕ್ಕೆ ಕೊರಗಿದ್ದನ್ನು ನಾನು ಕಂಡಿಲ್ಲ, ಯಾಕೆಂದರೆ ಅಷ್ಟರಲ್ಲಿ, 2022ರ ಫೆಬ್ರವರಿಯಲ್ಲಿ, ಸಿನ್ಸಿನಾಟಿಯನ್ನು 23–20ರಿಂದ ಸೋಲಿಸಿ ಸೂಪರ್ ಬೌಲ್, ಅಂದರೆ ಲೀಗ್‌ನ ಕಪ್ಪನ್ನೇ, ಮನೆಗೆ ತಂದಾಗಿತ್ತು.

ಬೆಲೆ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಇದ್ದದ್ದು ತಂಡದ ಉಳಿದ ಭಾಗದಲ್ಲಿ. ಸ್ಟಾಫರ್ಡ್ ಬರುವ ಹೊತ್ತಿಗೆ ರ‍್ಯಾಮ್ಸ್‌ನಲ್ಲಿ ಆರನ್ ಡೊನಾಲ್ಡ್, ಜೇಲನ್ ರಾಮ್ಸಿ, ಕೂಪರ್ ಕಪ್ ಅಂಥ ಆಟಗಾರರೆಲ್ಲಾ ಇದ್ದರು, ಹಿಂದಿನ ಸೀಸನ್ 10 ಪಂದ್ಯ ಗೆದ್ದಿದ್ದರು. ವಿಲ್ಸನ್ ಬರುವ ಹಿಂದಿನ ಸೀಸನ್ ಬ್ರಾಂಕೋಸ್ ಗೆದ್ದಿದ್ದು 7. ಒಬ್ಬ ಸ್ಟಾರ್ ಬಂದು ಹತ್ತು ತೂತು ಮುಚ್ಚಲಿ ಅಂತ ಕಾಯುವುದು ಆ ಆಟಗಾರನಿಗೂ ಅನ್ಯಾಯ.

ಹಾಗಾಗಿ ನನ್ನ ಉತ್ತರ ಇಷ್ಟೇ: ಒಂದೇ ಜಾಗ ಖಾಲಿ ಇದ್ದರೆ ಎರಡು ವರ್ಷದ ಫಸಲು ಧೈರ್ಯವಾಗಿ ಕೊಡಿ. ಅರ್ಧ ತಂಡವೇ ಖಾಲಿ ಇದ್ದರೆ ಪಿಕ್ ಮುಟ್ಟಬೇಡಿ, ಅದರಲ್ಲಿ ಸಿಗುವ ಹುಡುಗರು ನಾಲ್ಕು ವರ್ಷ ಕಡಿಮೆ ಸಂಬಳಕ್ಕೆ ಆಡುತ್ತಾರೆ. ನಿಮ್ಮದು ಯಾವ ತಂಡ ಅಂತ ಬರೆಯಲೇ ಇಲ್ಲ, ಮುಂದಿನ ಪತ್ರದಲ್ಲಿ ತಿಳಿಸಿ.